ಕುದುರೆ ಮನೆಯ ಕಾಲಾಳು

ನವೆಂಬರ್ ೩, ಸೋಮವಾರ

ಸಿಮೆಂಟ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿ ಇದು. ಹತ್ತು ತಿಂಗಳು ಅಟ್ಟದ ಮೇಲೆ ಬಿದ್ದಿತ್ತು. ಇವತ್ತು ಹೆಂಡತಿ ಕೃಷ್ಣಮ್ಮ ತಂದು ನನ್ನ ತೊಡೆಯ ಮೇಲೆ ಎಸೆದಳು.

"ನಿನ್ನೆಯಿಂದ ನನ್ ತಲೆ ತಿಂತಾ ಇದೀರ. ಬೈಯೋದೇನಿದ್ರೂ ಇದ್ರೊಳಗೆ ಬರ್ಕಳಿ. ನನ್ಗೆ ಒಲೆ ಮೇಲೆ ಕೆಲ್ಸ ಐತೆ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆಯಲು ಬರುತ್ತದೆ, ತಪ್ಪು ತಿದ್ದಲು ಬರುವುದಿಲ್ಲ. ಯಾರೂ ಓದುವುದಿಲ್ಲವಾದ್ದರಿಂದ ಸರಿಹೋಯಿತು.

ಬೈಯಬೇಕಾದವನು ಮುಜಫ್ಫರ್. ನಮ್ಮ ಕೊಡಿಗೇಹಳ್ಳಿಯಲ್ಲೇ ಹಾಸಿಗೆ ಅಂಗಡಿ ಇಟ್ಟವನು. ನನ್ನ ಮದುವೆಯ ಹಾಸಿಗೆಗೆ ಹತ್ತಿ ತುಂಬಿದ್ದೂ ಅವನೇ. ಅವತ್ತಿನಿಂದ ಅವನ ಅಂಗಡಿಯಲ್ಲಿ ಕೂತು ಚದುರಂಗ ಆಡುತ್ತಿದ್ದೇವೆ. ನಮ್ಮದೇ ಒಂದು ಪದ್ಧತಿ ಇದೆ: ಯಾರ ಕಾಯಿ ಹೊಡೆತ ತಿನ್ನುತ್ತದೋ ಅವನು ಆ ಕಾಯಿಯ ಹಾಡನ್ನು ಎರಡು ಸಾಲು ಹಾಡಬೇಕು. ಹಾಡದೆ ಕಾಯಿ ಎತ್ತುವಂತಿಲ್ಲ. ಸತ್ತವರಿಗೆ ಮರ್ಯಾದೆ ಬೇಡವೇ?

ಪ್ರತಿ ಕಾಯಿಗೂ ಒಂದೊಂದು ಹಳೇ ಸಿನಿಮಾ ಹಾಡು. ನನ್ನ ಸೈನ್ಯಕ್ಕೆ ಕನ್ನಡದವು, ಅವನ ಸೈನ್ಯಕ್ಕೆ ಹಿಂದಿಯವು. ನನ್ನ ಕುದುರೆಗೆ ಜಟಕಾ ಗಾಡಿಯ ಹಾಡು, ಅವನ ಕುದುರೆಗೆ ಟಾಂಗಾ ಹಾಡು. ಅವನ ಒಂಟೆಗೆ ನಾಯಕಿ ಓರೆಗಣ್ಣಲ್ಲಿ ನೋಡುವ ಹಾಡು, ಏಕೆಂದರೆ ಒಂಟೆ ನೆಟ್ಟಗೆ ನಡೆಯುವುದಿಲ್ಲ, ಓರೆಯಾಗಿಯೇ ಹೋಗುತ್ತದೆ. ಕಾಲಾಳಿಗೆ ಶಾಲೆ ಮಕ್ಕಳು ಸಾಲಾಗಿ ಹೋಗುವ ಹಾಡು. ಅವನ ಮಂತ್ರಿಗೆ, ದೊಡ್ಡ ದೀಪದ ಕೆಳಗೆ ಹೆಂಗಸೊಬ್ಬಳು ಎಂಟು ದಿಕ್ಕಿಗೂ ತಿರುಗಿ ಹಾಡುವ ಹಾಡು. ನನ್ನ ರಾಜನ ಹಾಡಿನಲ್ಲಿ ನಾಯಕ ಕಿಟಕಿ ಹಿಡಿದು ನಿಂತವನು ಕೊನೆಯವರೆಗೂ ಕದಲುವುದಿಲ್ಲ. ರಾಜನಾದರೂ ಅಷ್ಟೇ, ಒಂದು ಹೆಜ್ಜೆಗೆ ಸುಸ್ತು.

ನಿನ್ನೆ ಆಟ ಬಿಗಿಯಾಗಿತ್ತು. ಇಬ್ಬರ ಮಂತ್ರಿಯೂ ಸತ್ತಿದ್ದರು. ನನ್ನ ಕಡೆ ಎರಡು ಕುದುರೆ, ಒಂದು ಆನೆ. ಅವನ ಕಡೆ ಒಂದು ಆನೆ, ಒಂದು ಒಂಟೆ. ಕುದುರೆ ಎರಡೂ ಹೋಗಿದ್ದವು. ಆದರೆ ಅವನ ಕಾಲಾಳೊಂದು ಕುದುರೆ ಸಾಲಿನಲ್ಲಿ ಬಂದು ನನ್ನ ಕಡೆಯ ಕೊನೇ ಮನೆಗೆ ಎರಡೇ ಹೆಜ್ಜೆ ಇತ್ತು.

"ಇನ್ನೆರಡು ನಡೆ ಬೈರಣ್ಣ, ಇದು ಮಂತ್ರಿ ಆಗುತ್ತೆ" ಎಂದ.

"ಕುದುರೆ ಮನೆಗೆ ಓದ್ರೆ ಕುದುರೆ ಆಗುತ್ತೆ. ಯಾವ ಮನೆಗೆ ಓಯ್ತೋ ಆ ಮನೆ ಕಾಯಿ. ನಮ್ಮಪ್ಪ ಆಡಿದ್ದೂ ಇಂಗೇ, ನಿಮ್ಮಪ್ಪ ಆಡಿದ್ದೂ ಇಂಗೇ."

"ಫೋನಲ್ಲಿ ಆಡಿದೆ ನಾನು. ಎಲ್ಲಿಗೆ ಹೋದ್ರೂ ಮಂತ್ರಿ ಮಾಡ್ಕೋಬೋದು. ಈಗ ಇಡೀ ದುನಿಯಾದಲ್ಲಿ ಅದೇ ರೂಲ್ಸು."

"ದುನಿಯಾ ಅಂಗಡಿ ಬಾಗ್ಲಾಚೆ ಇಟ್ಕೋ!"

"ಅಂಗಡಿನೇ ಇರಲ್ಲ ಬಿಡು. ತಿಂಗಳ ಕೊನೆಗೆ ಖಾಲಿ ಮಾಡ್ತಿದೀನಿ. ಕಟ್ಟಡ ಒಡೀತಾರಂತೆ. ಹುಣಸಮಾರನಹಳ್ಳಿಗೆ, ತರನ್ನುಮ್ ಮನೆಗೆ ಹೋಗ್ತೀನಿ."

ತರನ್ನುಮ್ ಅವನ ಮಗಳು. ಅವಳಿಗೆ ಗೊತ್ತು, ಟೀ ಅಂಗಡಿಯವನಿಗೆ ಗೊತ್ತು, ಕೊನೆಗೆ ಕೃಷ್ಣಮ್ಮನಿಗೂ ಗೊತ್ತಿತ್ತಂತೆ. ನನಗೆ ಮಾತ್ರ ಎಲ್ಲರಿಗಿಂತ ಕೊನೆಗೆ, ಕಾಲಾಳಿನ ಜಗಳದ ನಡುವೆ ಸೇರಿಸಿ ಹೇಳುತ್ತಾನೆ! "ಓಗೋನು ಓಗು, ನಿನ್ ರೂಲ್ಸೂ ಗಂಟು ಕಟ್ಕೊಂಡು ಓಗು" ಎಂದು ಎದ್ದು ಬಂದೆ. ಇನ್ನು ಅವನ ಮೆಟ್ಟಿಲು ತುಳಿದರೆ ನನ್ನ ಹೆಸರು ಚಿಕ್ಕಬೈರಪ್ಪ ಅಲ್ಲ.

ನವೆಂಬರ್ ೫, ಬುಧವಾರ

ಹಾಲಿಗೆ ಹಿಂದಿನ ಬೀದಿಯಿಂದ ಸುತ್ತಿ ಹೋದೆ. ಆ ಬೀದಿಯಲ್ಲಿ ನಾಯಿಗಳು ಹೆಚ್ಚು. ನಾಯಿಗಳಿಗೂ ಬೈದೆ.

ನವೆಂಬರ್ ೮, ಶನಿವಾರ

ಪಾರ್ಕಿನವರ ಗ್ರೂಪ್ ಒಂದಿದೆ ಫೋನಿನಲ್ಲಿ. ದಿನಕ್ಕೆ ಒಬ್ಬರು ಒಂದು ಹಳೇ ಹಾಡು ಹಾಕಬಹುದು, ಎರಡನೆಯದು ಹಾಕಿದರೆ ವೆಂಕಟರಾಮಯ್ಯ ಗದರುತ್ತಾರೆ. ರಿಟೈರ್ಡ್ ಮೇಷ್ಟ್ರು, ಗ್ರೂಪನ್ನೂ ಕ್ಲಾಸಿನಂತೆ ನಡೆಸುತ್ತಾರೆ. ಯಾವ ಹಾಡು ಬಂದರೂ ಅದರ ರಾಗ ಯಾವುದು, ತಾಳ ಯಾವುದು ಎಂದು ಒಂದು ಮಾರು ಬರೆಯುತ್ತಾರೆ.

ಮುಜಫ್ಫರ್ ಆ ಗ್ರೂಪಿನಲ್ಲಿ ಇದ್ದಾನೆ ಎನ್ನುವುದೇ ಮರೆತಿತ್ತು. ಒಂದು ಹಾಡು ಹಾಕಿದವನಲ್ಲ. ಇವತ್ತು ಬೆಳಿಗ್ಗೆ ಹಾಕಿದ್ದಾನೆ. ಓರೆಗಣ್ಣಿನ ಹಾಡು.

ಮಧ್ಯಾಹ್ನ ಊಟ ಮಾಡುವಾಗ ತಲೆಗೆ ಹೊಳೆಯಿತು. ನಾನು ಎದ್ದು ಬಂದಾಗ ನಡೆ ಅವನದಿತ್ತು. ಒಂಟೆ ನಡೆಸಿದ್ದಾನೆ, ಕಳ್ಳ!

ನಾನು ಅವನ ಜೊತೆ ಮಾತು ಬಿಟ್ಟಿದ್ದೇನೆ. ಆಟ ಬಿಟ್ಟಿದ್ದೇನೆ ಎಂದು ಯಾರಿಗೂ ಹೇಳಿಲ್ಲ.

ಆದರೆ ಒಂಟೆ ಯಾವ ಮನೆಗೆ ಹೋಯಿತು? ಅದು ಹಾಡಿನಲ್ಲಿ ಗೊತ್ತಾಗುವುದಿಲ್ಲವಲ್ಲ.

"ಕೃಷ್ಣಮ್ಮ, ಮನೇಲಿ ದಿಂಬು ಸಾಕಾ?" ಎಂದೆ.

"ಯಾಕೆ, ತಲೆ ದಪ್ಪ ಆಯ್ತಾ?"

"ಮುಜಫ್ಫರ್ ಅಂಗಡಿಗೆ ಓಗಿ ಒಂದು ದಿಂಬು ತಗೊಂಡು ಬಾ. ಅಂಗೇ ಚದುರಂಗದ ಹಲಗೆ ನೋಡ್ಕೊಂಡು ಬಾ. ನಾನು ಕಳ್ಸಿದೆ ಅನ್ಬೇಡ."

ಹೋಗಿ ಬಂದವಳು ಹಜಾರದಲ್ಲಿ ರಂಗೋಲಿ ಪುಡಿಯಿಂದ ಎಂಟಕ್ಕೆ ಎಂಟು ಮನೆ ಎಳೆದು, ಕಾಯಿಗಳ ಬದಲು ಅಡುಗೆಮನೆಯ ಸಾಮಾನು ಇಟ್ಟಳು. ನನ್ನ ರಾಜ ಈರುಳ್ಳಿ. ಅವನ ರಾಜ ಆಲೂಗಡ್ಡೆ. ಕಾಲಾಳುಗಳು ಬೆಳ್ಳುಳ್ಳಿ ಎಸಳು. ಒಂದು ಮನೆಯೂ ತಪ್ಪಿರಲಿಲ್ಲ. ಚುಕ್ಕಿ ಲೆಕ್ಕ ಹೆಂಗಸರಿಗೆ ಹೇಳಿಕೊಡಬೇಕೇ?

"ನೀನು ಏನ್ ಅಂದೆ ಅವನಿಗೆ?"

"ನಾನೇನೂ ಅನ್ಲಿಲ್ಲಪ್ಪ. ಅವ್ರೇ ಹಲಗೆ ಮೇಲೆ ಮುಚ್ಚಿದ್ದ ಮಂಕರಿ ಎತ್ತಿ, 'ಅಕ್ಕ, ಸರಿಯಾಗಿ ನೋಡ್ಕೊಂಡು ಹೋಗಿ' ಅಂದ್ರು."

ನವೆಂಬರ್ ೯, ಭಾನುವಾರ

ಜಟಕಾ ಹಾಡು ಹಾಕಿದೆ. ಕುದುರೆ ಹಾರಿಸಿ ಅವನ ಕಾಲಾಳಿಗೆ ಅಡ್ಡ ಬರಬೇಕು. ಯಾವ ಮನೆಗೆ ಎಂದು ಅವನೇ ಊಹಿಸಿ ಇಡಲಿ.

ವೆಂಕಟರಾಮಯ್ಯ ಬರೆದರು: "ಚಿಕ್ಕಬೈರಪ್ಪನವರೇ, ನಿಮ್ಮಲ್ಲಿ ಇಂಥ ರಸಿಕತೆ ಇದೆಯೆಂದು ತಿಳಿದಿರಲಿಲ್ಲ."

ರಸಿಕತೆಯಂತೆ. ಕುದುರೆ ಅದು.

ನವೆಂಬರ್ ೧೦, ಸೋಮವಾರ

ಅಯೋಗ್ಯ! ಬೇರೆ ಕುದುರೆ ನಡೆಸಿದ್ದಾನೆ! ಬಲಗಡೆಯ ಕುದುರೆ ಹಾರಬೇಕಿತ್ತು, ಅವನು ಎಡಗಡೆಯದನ್ನು ಎತ್ತಿ ಎಲ್ಲೋ ಮೂಲೆಗೆ ಇಟ್ಟಿದ್ದಾನೆ. ಕೃಷ್ಣಮ್ಮ ಎರಡನೇ ದಿಂಬು ತಂದಾಗ ಗೊತ್ತಾಯಿತು. ಹಜಾರದಲ್ಲಿ ಕೂತು ಕೂಗಾಡಿದೆ. ಮೇಲಿನ ಮನೆಯ ಬಾಡಿಗೆಯವರು ಇಣುಕಿದರು.

"ಒಂದೇ ಆಡು ಆಕಿದ್ರೆ ಅವ್ರಿಗೆ ಎಂಗೆ ಗೊತ್ತಾಗ್ಬೇಕು ಯಾವ ಕುದುರೆ ಅಂತ?" ಎಂದಳು ಕೃಷ್ಣಮ್ಮ. "ಆ ಜಟಕಾ ಆಡು ಸಿನಿಮಾದಲ್ಲಿ ಎರಡು ಸಲ ಬರುತ್ತಲ್ಲ. ಮೊದ್ಲು ಗಂಡು ಆಡ್ತಾನೆ, ಆಮೇಲೆ ಹೆಣ್ಣು ಅಳ್ತಾ ಆಡ್ತಾಳೆ."

ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳನ್ನು ಚದುರಂಗಕ್ಕೆ ಕೂರಿಸಲಿಲ್ಲ ನಾನು. ಈಗ ಹೇಳಿಕೊಟ್ಟರೆ ನನ್ನನ್ನೇ ಸೋಲಿಸುತ್ತಾಳೆ, ಬೇಡ.

ಮತ್ತೆ ಅಂಗಡಿಗೆ ಹೋಗಿ ಅವನಿಗೆ ಹೇಳಿ ಬಂದಳು: ಗಂಡು ದನಿ ಬಲಗಡೆ, ಹೆಣ್ಣು ದನಿ ಎಡಗಡೆ. "ವಾಹ್ ಅಕ್ಕ" ಎಂದನಂತೆ. ಮೂಲೆಗೆ ಹೋದ ಕುದುರೆಯನ್ನು ಮಾತ್ರ ಹಿಂದಕ್ಕೆ ತರಲು ಒಪ್ಪಲಿಲ್ಲವಂತೆ. ಮುಟ್ಟಿದ ಕಾಯಿ ನಡೆಸಲೇಬೇಕಂತೆ. ಮುಟ್ಟಿದ್ದು ಅವನು, ನಡೆದದ್ದು ನನ್ನದು! ಇದು ಯಾವ ದುನಿಯಾದ ರೂಲ್ಸು?

ನವೆಂಬರ್ ೧೪, ಶುಕ್ರವಾರ

ನಾಲ್ಕು ದಿನದಲ್ಲಿ ಅವನ ಆನೆ ಎರಡು ಸಲ, ನನ್ನ ಆನೆ ಒಂದು ಸಲ, ಹೆಣ್ಣು ದನಿ ಒಂದು ಸಲ. ಗ್ರೂಪಿನಲ್ಲಿ ವೆಂಕಟರಾಮಯ್ಯನವರಿಗೆ ಹುಚ್ಚು ಹಿಡಿದಿದೆ. "ಒಂದೇ ಗೀತೆಯನ್ನು ಪುರುಷ ಧ್ವನಿಯಲ್ಲೂ ಸ್ತ್ರೀ ಧ್ವನಿಯಲ್ಲೂ ಹಂಚಿ, ಚಿಕ್ಕಬೈರಪ್ಪನವರು ನಮಗೆ ಒಂದು ತೌಲನಿಕ ಅಧ್ಯಯನವನ್ನೇ ಒದಗಿಸಿದ್ದಾರೆ" ಎಂದು ಬರೆದರು. ಇಪ್ಪತ್ತೆರಡು ಜನ ಕೈ ಮುಗಿದಿದ್ದಾರೆ.

ತೌಲನಿಕ ಎಂದರೆ ಏನೋ. ಬೈಗುಳವಲ್ಲ ಎಂದು ಕೃಷ್ಣಮ್ಮ ಹೇಳಿದಳು.

ನನ್ನ ರಾಜ ಸಾಂಬಾರಿಗೆ ಹೋದ. ಕೇಳಿದರೆ, "ಮನೇಲಿ ಇದ್ದದ್ದು ಅದೊಂದೇ ಈರುಳ್ಳಿ" ಎಂದಳು. ರಾಜನ ಜಾಗದಲ್ಲಿ ಈಗ ಟೊಮೆಟೊ ಇದೆ.

ನವೆಂಬರ್ ೧೮, ಮಂಗಳವಾರ

ಅವನು ಹಾಕಿದ ಹಾಡು ಬಂದಿದೆಯೇ ಎಂದು ನೋಡಲು ಬೇಗ ಎದ್ದೆ. ಬೇರೆ ಕಾರಣವಿಲ್ಲ, ಮುದುಕರಿಗೆ ನಿದ್ದೆ ಕಡಿಮೆ.

ಬಂದಿತ್ತು. ಮಕ್ಕಳ ಹಾಡು. ಕಾಲಾಳು ಒಂದು ಹೆಜ್ಜೆ ಇಟ್ಟಿದೆ. ಇನ್ನೊಂದೇ ಮನೆ ಬಾಕಿ.

ಹಾಡು ಪೂರ್ತಿ ಕೇಳಿದೆ. ಅಂಗಡಿಯಲ್ಲಿ ಅವನು ಎರಡು ಸಾಲು ಹಾಡಿ ನಿಲ್ಲಿಸುತ್ತಿದ್ದ. ಆ ಎರಡು ಸಾಲಿನ ಮುಂದೆ ಇಷ್ಟು ಚೆನ್ನಾಗಿದೆ ಎಂದು ಯಾಕೆ ಹೇಳಲಿಲ್ಲ? ಹಿಂದಿ ಅರ್ಥವಾಗಲಿಲ್ಲ. ಮಕ್ಕಳಿಗೆ ಚಪ್ಪಲಿ ಇಲ್ಲ ಎನ್ನುವುದು ಅರ್ಥವಾಯಿತು.

ನವೆಂಬರ್ ೨೦, ಗುರುವಾರ

ಇವತ್ತು ಅವನ ಹಾಡು ಬರಲಿಲ್ಲ.

ನವೆಂಬರ್ ೨೧, ಶುಕ್ರವಾರ

ಇವತ್ತೂ ಇಲ್ಲ. ಫೋನ್ ಕೆಟ್ಟಿರಬೇಕು. ನನ್ನದೇ ಕೆಟ್ಟಿದೆಯೇನೋ ಎಂದು ಆರಿಸಿ ಹಾಕಿದೆ. ಎರಡು ಸಲ.

ನವೆಂಬರ್ ೨೨, ಶನಿವಾರ

ಕೃಷ್ಣಮ್ಮನನ್ನು ಕಳಿಸಿದೆ. ಅಂಗಡಿ ಮುಚ್ಚಿತ್ತಂತೆ. ಹಿಂದಿನ ಕೋಣೆಯಲ್ಲಿ ಜ್ವರ ಬಂದು ಮಲಗಿದ್ದಾನಂತೆ. ಎಲ್ಲರಿಗೂ ಹಾಸಿಗೆ ಹೊಲಿದವನು ತಾನು ಮಲಗಿರುವುದು ಹರಿದ ಚಾಪೆಯ ಮೇಲೆ. ತರನ್ನುಮ್ ಬಂದಿದ್ದಾಳೆ, ಮೂಟೆ ಕಟ್ಟುತ್ತಿದ್ದಾಳೆ.

ಹುರುಳಿ ಸಾರು ಮಾಡಿಸಿ ಕಳಿಸಿದೆ. ನನ್ನ ಹೆಸರು ಹೇಳಬೇಡ ಎಂದಿದ್ದೆ.

"ಏನ್ ಅಂದ?"

"ಉಪ್ಪು ಕಮ್ಮಿ ಅಂದ್ರು. 'ಬೈರಣ್ಣಂಗೆ ಬಿಪಿ ಜಾಸ್ತಿ ಆಗಿದೆಯಾ' ಅಂತ ಕೇಳಿದ್ರು."

ಸಾಯುವವನ ಮಾತಲ್ಲ ಅದು. ರಾತ್ರಿ ಎರಡು ಮುದ್ದೆ ಉಂಡೆ.

ನವೆಂಬರ್ ೨೬, ಬುಧವಾರ

ಸೋಮವಾರದಿಂದ ಅವನು ಮತ್ತೆ ಹಾಡು ಹಾಕುತ್ತಿದ್ದಾನೆ. ಇವತ್ತು ಮಕ್ಕಳ ಹಾಡು ಬಂತು. ಕಾಲಾಳು ಕೊನೇ ಮನೆಗೆ ಬಂದು ನಿಂತಿದೆ. ಕುದುರೆ ಮನೆ. ನನ್ನ ಮೂಲೆಯ ಕುದುರೆ ಅದನ್ನು ತಡೆಯಲು ಆಗಲಿಲ್ಲ. ಆ ತಪ್ಪು ನಡೆಯ ಪಾಪ ಅವನಿಗೇ.

ಅದು ಕುದುರೆಯಾದರೆ ಸಮಸಮ, ನನಗೂ ದಾರಿ ಇದೆ. ಮಂತ್ರಿಯಾದರೆ ಮೂರು ನಡೆಯಲ್ಲಿ ನನ್ನ ಟೊಮೆಟೊ ಚಟ್ನಿ.

ಹಳೇ ರೂಲ್ಸು ಸರಿ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಭಾನುವಾರ ಟೆಂಪೋ ಬರುತ್ತದೆ. ರೂಲ್ಸು ಹಿಡಿದುಕೊಂಡು ನಾನು ಇಲ್ಲಿ ಯಾರ ಜೊತೆ ಆಡಲಿ? ಹಿಂದಿನ ಬೀದಿಯ ನಾಯಿಗಳ ಜೊತೆಯೇ?

ಅವನ ಮಂತ್ರಿ ಹಾಡನ್ನು ನಾನೇ ಗ್ರೂಪಿಗೆ ಹಾಕಿಬಿಟ್ಟರೆ? ಇಬ್ಬರಿಗೂ ಮಂತ್ರಿ ಇಲ್ಲದ ಹೊತ್ತಿನಲ್ಲಿ ಅದಕ್ಕೆ ಒಂದೇ ಅರ್ಥ: ಇಟ್ಟುಕೋ ಮಾರಾಯ ನಿನ್ನ ಮಂತ್ರಿ, ನಾನು ಒಪ್ಪಿದೆ.

ಆ ಹಾಡಿನ ಹೆಸರು ನನಗೆ ಗೊತ್ತಿಲ್ಲ. ಫೋನಿಗೆ ಗುನುಗಿದರೆ ಹುಡುಕಿ ಕೊಡುತ್ತದಂತೆ. ಗುನುಗಿದೆ. ಮೊದಲು ಮಕ್ಕಳ ಲಾಲಿ ತೋರಿಸಿತು. ಎರಡನೇ ಸಲ ಅಯ್ಯಪ್ಪನ ಭಜನೆ. ಮೂರನೇ ಸಲ ಇನ್ನೂ ಗಟ್ಟಿಯಾಗಿ ಹಾಡಿದೆ. ಹಲ್ಲುಪುಡಿಯ ಜಾಹೀರಾತು ಬಂತು.

"ಅದು ಅಂಗಲ್ಲ, ಕೊನೇಲಿ ಎಳೀಬೇಕು" ಎಂದು ಕೃಷ್ಣಮ್ಮ ಅಡುಗೆಮನೆಯಿಂದಲೇ ಎಳೆದು ತೋರಿಸಿದಳು. ಫೋನ್ ತಕ್ಷಣ ಕೊಟ್ಟಿತು. ಮೂವರೂ ನನ್ನ ಮರ್ಯಾದೆ ತೆಗೆಯಲು ಒಂದಾಗಿದ್ದಾರೆ: ಹೆಂಡತಿ, ಫೋನು, ಮುಜಫ್ಫರ್.

ನವೆಂಬರ್ ೨೭, ಗುರುವಾರ

ಬೆಳಿಗ್ಗೆ ಕಾಫಿಗೆ ಮೊದಲೇ ಮಂತ್ರಿ ಹಾಡು ಹಾಕಿದೆ. ಹಾಕಿ ಫೋನ್ ಕೆಳಗೆ ಇಡುವಷ್ಟರಲ್ಲಿ ಅವನದೂ ಬಂತು.

ಟಾಂಗಾ ಹಾಡು.

ಅವನ ಕುದುರೆ ಎರಡೂ ಸತ್ತಿವೆ. ಟಾಂಗಾ ಹಾಡಿಗೂ ಒಂದೇ ಅರ್ಥ. ಹಳೇ ರೂಲ್ಸೇ ಆಗಲಿ ಬೈರಣ್ಣ, ಕುದುರೆಯೇ ಇಡುತ್ತೇನೆ, ಎಂದು.

ನಾನು ಸೋಲಲು ಒಪ್ಪಿದ ಹೊತ್ತಿಗೆ ಅವನು ಗೆಲ್ಲುವುದನ್ನು ಬಿಟ್ಟುಕೊಟ್ಟಿದ್ದಾನೆ. ಎಂಥ ದುರಹಂಕಾರ! ನನಗೆ ದಾನ ಮಾಡುತ್ತಾನಾ?

ವೆಂಕಟರಾಮಯ್ಯ ಬರೆದಿದ್ದಾರೆ: "ಚಿಕ್ಕಬೈರಪ್ಪನವರಿಂದ ಹಿಂದಿ ಗೀತೆ! ಹೃದಯ ತುಂಬಿ ಬಂತು." ಇವರಿಗೆ ಬೇರೆ ಕೆಲಸವಿಲ್ಲ.

ನವೆಂಬರ್ ೨೮, ಶುಕ್ರವಾರ

ಅಂಗಡಿಗೆ ಹೋಗಿದ್ದೆ. ಕೇಳಿಯೇ ಬಿಡಬೇಕಿತ್ತು. ಶುಕ್ರವಾರದ ನಮಾಜು ಮುಗಿಸಿ ಬಂದು ಕೂತಿದ್ದ, ಇಳಿದುಹೋಗಿದ್ದಾನೆ. ಹತ್ತಿ ಹಿಂಜುವ ಯಂತ್ರ ಮಾರಿಬಿಟ್ಟಿದ್ದಾನೆ. ಗೋಡೆಯ ಮೇಲೆ ಅದರ ಆಕಾರಕ್ಕೆ ಮಾತ್ರ ಬಿಳಿ ಉಳಿದಿದೆ, ಸುತ್ತ ಧೂಳು.

"ಯಾಕೋ ಕುದುರೆ ಆಕ್ದೆ?" ಎಂದೆ.

"ನೀನ್ ಯಾಕೆ ಮಂತ್ರಿ ಹಾಕ್ದೆ?"

"ನಾನು ಒಪ್ಕೊಂಡಿದೀನಿ. ದುನಿಯಾದ ರೂಲ್ಸು. ಮಂತ್ರಿ ಇಡು."

"ಇಡಲ್ಲ. ನಮ್ಮ ಅಬ್ಬಾ ಆಡಿದ್ದು ಹಂಗೇ. ಕುದುರೆ ಮನೆ, ಕುದುರೆನೇ."

"ಮಂತ್ರಿ ಇಡ್ತೀಯೋ ಇಲ್ವೋ?"

"ನೈ ಇಡ್ತೀನಿ ನೈ! ಜಬರ್‌ದಸ್ತಿನಾ?"

"ನಿನ್ ಮುಖಕ್ಕೆ ಗೆಲ್ಲೋಕೂ ಬರಲ್ಲ ಕಣೋ!"

"ನಿನ್ಗೆ ಸೋಲೋದೂ ಕಲ್ಸಿಕೊಡ್ಬೇಕಾ?"

ಬೀದಿಯಲ್ಲಿ ಜನ ನಿಂತರು. ಮೂಟೆ ಕಟ್ಟುತ್ತಿದ್ದ ತರನ್ನುಮ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. "ಚಾಚಾ, ಜಗಳ ಆದಾಗಿಂದ ಅಬ್ಬಾ ಸರಿಯಾಗಿ ಊಟ ಮಾಡಿರ್ಲಿಲ್ಲ. ಬೈತಾ ಇರಿ, ಅಷ್ಟ್ರೊಳಗೆ ಊಟ ತರ್ತೀನಿ" ಎಂದಳು.

ಊಟ ಬಂತು. ಜಗಳ ಮುಗಿಯಲಿಲ್ಲ. ಕಾಲಾಳು ಕುದುರೆ ಮನೆಯಲ್ಲಿ ಕಾಲಾಳಾಗಿಯೇ ನಿಂತಿದೆ. ಬಿರಿಯಾನಿ ಚೆನ್ನಾಗಿತ್ತು, ಅವನಿಗೆ ಹೇಳಲಿಲ್ಲ.

ನವೆಂಬರ್ ೩೦, ಭಾನುವಾರ

ಟೆಂಪೋ ಬಂತು. ಹಾಸಿಗೆ, ಬೀರು, ಪಾತ್ರೆ ಎಲ್ಲ ಹತ್ತಿದವು. ಚದುರಂಗದ ಹಲಗೆ ಮಾತ್ರ ಅಂಗಡಿ ನಡುವೆ ಉಳಿಯಿತು. ಕಾಯಿ ಎತ್ತಿ ಡಬ್ಬಿಗೆ ಹಾಕಿದರೆ ಆಟ ಕೆಟ್ಟಂತೆ.

"ಫೋಟೋ ತಗೊಂಡು ಆಮೇಲೆ ಜೋಡಿಸ್ಕೊಳ್ಳಿ" ಎಂದಳು ತರನ್ನುಮ್. ಇಬ್ಬರೂ ಒಟ್ಟಿಗೇ ಅವಳಿಗೆ ಬೈದೆವು.

ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂತು ಹಲಗೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಮುಜಫ್ಫರನಿಗೆ ಜ್ವರದ ಸುಸ್ತು ಇನ್ನೂ ಬಿಟ್ಟಿಲ್ಲ, ಅವನನ್ನು ನಂಬುವಂತಿಲ್ಲ. ಏರ್‌ಪೋರ್ಟ್ ರೋಡಿನಲ್ಲಿ ಡ್ರೈವರ್ ವಿಮಾನಕ್ಕೆ ಹೊತ್ತಾದವನಂತೆ ಓಡಿಸಿದ. ಬೈದು ಬೈದು ಯಲಹಂಕ ದಾಟಿಸಿದೆ. ಹುಣಸಮಾರನಹಳ್ಳಿಯ ಹತ್ತಿರ ಒಂದು ಹಂಪ್ ಬಂತು. ನನ್ನ ಆನೆ ಉರುಳಿತು.

"ಬಿತ್ತು! ಹಾಡು!" ಎಂದ ಮುಜಫ್ಫರ್.

"ನೀನೇನು ಒಡೆದ್ಯಾ? ಅಂಪ್ ಒಡೀತು."

"ಯಾರು ಹೊಡೆದ್ರೂ ಮರ್ಯಾದೆ ಮರ್ಯಾದೇನೇ."

ಹಾಡಿದೆ. ಎರಡು ಸಾಲಿಗೆ ನಿಲ್ಲಿಸಲು ಹೋದೆ, ಡ್ರೈವರ್ ಮೂರನೇ ಸಾಲು ಎತ್ತಿಕೊಂಡ. ಅವನ ತಾತ ಹಾಡುತ್ತಿದ್ದನಂತೆ. ಮನೆ ಬಾಗಿಲಿಗೆ ಹೋಗುವವರೆಗೂ ಮೂವರೂ ಹಾಡಿದೆವು. ಆನೆ ಸತ್ತಿರಲಿಲ್ಲವಾದ್ದರಿಂದ ಎತ್ತಿ ಅದರ ಮನೆಗೇ ಇಟ್ಟೆ.

ಮಗಳ ಮನೆಯ ಮಹಡಿಯಲ್ಲಿ ಅವನಿಗೆ ಕೋಣೆ. ಗಾಳಿ ಚೆನ್ನಾಗಿದೆ. ಐದು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಹೋಗುತ್ತದೆ, ಮಾತು ಕೇಳಿಸುವುದಿಲ್ಲ. ಕಿಟಕಿಯ ಕೆಳಗೆ ಹಲಗೆ ಇಟ್ಟು ಬಂದೆ. ನಾನು ಹೊರಟಾಗ ಅವನು ಏನೋ ಹೇಳಿದ. ವಿಮಾನ ಹೋಗುತ್ತಿತ್ತು. ನಾನೂ ಏನೋ ಹೇಳಿದೆ.

ಡಿಸೆಂಬರ್ ೨, ಮಂಗಳವಾರ

ಬಸ್ಸಿನಲ್ಲಿ ಹೋದೆ. ಹೆಬ್ಬಾಳದ ಕಡೆಯಿಂದಲೇ ಜನ ನಿಂತುಕೊಂಡು ಬಂದಿದ್ದರು. ಕಾಲೇಜು ಹುಡುಗಿಯೊಬ್ಬಳು ಎದ್ದು ಜಾಗ ಕೊಟ್ಟಳು. ನಾನು ಮುದುಕನಲ್ಲ ಎಂದೆ. ಆಮೇಲೆ ಕೂತೆ.

ಮುಜಫ್ಫರ್ ಮಹಡಿಯ ಮೆಟ್ಟಿಲಲ್ಲೇ ಕಾಯುತ್ತಿದ್ದ. ಕಾಯುತ್ತಿರಲಿಲ್ಲವಂತೆ, ಬಿಸಿಲಿಗೆ ಮೈ ಕಾಯಿಸುತ್ತಿದ್ದನಂತೆ. ಅಲ್ಲಿ ಬಿಸಿಲೇ ಇರಲಿಲ್ಲ.

ಹಲಗೆ ಹಾಗೇ ಇತ್ತು. ಒಂದು ಕೈಯಲ್ಲಿ ಮಂತ್ರಿ, ಒಂದು ಕೈಯಲ್ಲಿ ಕುದುರೆ ಹಿಡಿದು ನನ್ನ ಮುಂದೆ ಚಾಚಿದ.

"ಸುಸ್ತಾಯ್ತು ಬೈರಣ್ಣ. ಯಾವ್ದಾದ್ರೂ ಒಂದು ಹೇಳು. ಇಟ್ಟುಬಿಡ್ತೀನಿ. ಆಟ ಮುಗ್ಸೋಣ."

ನಾನು ಎರಡೂ ಕಾಯಿ ನೋಡಿದೆ. ಹಲಗೆ ನೋಡಿದೆ. ಯಾವುದನ್ನು ಇಟ್ಟರೂ ಸಂಜೆಯೊಳಗೆ ಆಟ ಮುಗಿಯುತ್ತದೆ. ಮುಗಿದ ಮೇಲೆ ಇಷ್ಟು ದೂರ ಬರಲು ನನಗೇನು ಕೆಲಸ?

"ಇದು ಅವಸರದಲ್ಲಿ ಏಳೋ ಮಾತಲ್ಲ. ಗುರುವಾರ ಬಂದು ಏಳ್ತೀನಿ" ಎಂದೆ.

"ಗುರುವಾರನಾ?" ಎಂದ. ಎರಡೂ ಕಾಯಿ ಜೇಬಿಗೆ ಹಾಕಿಕೊಂಡ. "ಸರಿ. ಅವಸರ ಯಾರಿಗಿದೆ? ಟೀ ಕುಡಿ."

ಅಲ್ಲಿನ ಟೀ ನೀರು. ಎರಡು ಲೋಟ ಕುಡಿದೆ. ಅವನು ಮಕ್ಕಳ ಹಾಡು ಹಾಕಿ ಅರ್ಥ ಹೇಳಿದ. ನಾನು ಜಟಕಾ ಹಾಡಿನ ಹೆಣ್ಣು ದನಿ ಹಾಕಿ ಅವಳು ಯಾಕೆ ಅಳುತ್ತಾಳೆ ಎಂದು ಹೇಳಿದೆ. ವಿಮಾನ ಬಂದಾಗಲೆಲ್ಲ ನಿಲ್ಲಿಸಿ, ಹೋದ ಮೇಲೆ ಮತ್ತೆ ಮೊದಲಿಂದ.

ಮನೆಗೆ ಬಂದಾಗ ಕೃಷ್ಣಮ್ಮ ಹಜಾರದ ರಂಗೋಲಿ ಮನೆಗಳನ್ನು ಗುಡಿಸುತ್ತಿದ್ದಳು.

"ಆಟ ಏನಾಯ್ತು?"

"ಏನಿಡ್ಬೇಕು ಅಂತ ಗುರುವಾರ ಏಳ್ತೀನಿ ಅಂದಿದೀನಿ."

"ಗುರುವಾರ ಏನ್ ಏಳ್ತೀರಾ?"

"ಶನಿವಾರ ಏಳ್ತೀನಿ ಅಂತ."